ಮನೆಯನ್ನೇ ಜೊತೆಗೆ ಕಟ್ಟಿಕೊಂಡು ಮರುಭೂಮಿಗೆ: ಮುಂಬಯಿಯಿಂದ ಕಛ್‌ಗೆ ಕ್ಯಾರವಾನ್ ಪ್ರವಾಸ



ಡಿಸೆಂಬರ್ ಹತ್ತಿರ ಬಂತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಎರಡು ಮಾತುಕತೆ ಶುರುವಾಗುತ್ತದೆ. ಊರಿಗೆ ಹೋಗುವ ರೈಲಿನ ಟಿಕೆಟ್ ಸಿಕ್ಕಿತೇ ಎಂಬುದು ಒಂದು. ಈ ಸಲವಾದರೂ ಎಲ್ಲರೂ ಸೇರಿ ಹೊಸ ಜಾಗ ನೋಡಿ ಬರೋಣವೇ ಎಂಬುದು ಇನ್ನೊಂದು. ಎರಡನೆಯ ಮಾತು ಸಾಮಾನ್ಯವಾಗಿ ನಿಲ್ಲುವುದು ಮನೆಯ ಹಿರಿಯರ ಹತ್ತಿರ. ಅಜ್ಜಿಗೆ ಮಂಡಿನೋವು, ಅಜ್ಜನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಆಗಬೇಕು. ಹೆದ್ದಾರಿಯ ಶೌಚಾಲಯಗಳ ಹೆಸರೆತ್ತಿದರೇ ಅವರಿಗೆ ಭಯ. 'ನೀವೆಲ್ಲ ಹೋಗಿ ಬನ್ನಿ, ನಾವು ಮನೆ ಕಾಯುತ್ತೇವೆ' ಎಂದು ಅವರು ಹೇಳುವಲ್ಲಿಗೆ ಅರ್ಧ ಪ್ರವಾಸ ಮುಗಿದ ಹಾಗೆ.

ಈ ತೊಡಕಿಗೆ ಈಚಿನ ವರ್ಷಗಳಲ್ಲಿ ಒಂದು ಉತ್ತರ ಕೇಳಿಬರುತ್ತಿದೆ. ಅದು ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಮನೆ. ಮಲಗಲು ಹಾಸಿಗೆ, ಪುಟ್ಟ ಅಡುಗೆಮನೆ, ಶೌಚಾಲಯ ಎಲ್ಲವೂ ಅದರಲ್ಲಿರುತ್ತವೆ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿ ತಂದಿತು. ಅದೇ ವರ್ಷ ಕೇರಳವೂ ತನ್ನ ಯೋಜನೆ ಪ್ರಕಟಿಸಿತು. ಮುಂಬಯಿಯಿಂದ ಇಂಥ ವಾಹನದಲ್ಲಿ ಮನೆಮಂದಿಯೆಲ್ಲ ಮರುಭೂಮಿ ನೋಡಿ ಬರಬಹುದೇ? ಬರಬಹುದು. ಆದರೆ ಹೊರಡುವ ಮೊದಲು ಕೆಲವು ಸಂಗತಿ ತಿಳಿದಿರಬೇಕು. ಕೆಲವು ಹಣ ಉಳಿಸುತ್ತವೆ, ಒಂದೆರಡು ಜೀವವನ್ನೇ ಉಳಿಸುತ್ತವೆ. ಅವನ್ನು ಒಂದೊಂದಾಗಿ ನೋಡೋಣ.

ನಮಗೆ ಹತ್ತಿರದ ಮರುಭೂಮಿ ಯಾವುದು?

ಮರುಭೂಮಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಜೈಸಲ್ಮೇರಿನ ಮರಳ ದಿಬ್ಬಗಳು, ಒಂಟೆಗಳ ಸಾಲು. ಅದು ಥಾರ್ ಮರುಭೂಮಿ. ಮುಂಬಯಿಯಿಂದ 1,100 ಕಿಲೋಮೀಟರಿಗೂ ಹೆಚ್ಚು ದೂರ. ಅದಕ್ಕಿಂತ ಈಚೆಗೆ, ಗುಜರಾತಿನ ಕಛ್ ಜಿಲ್ಲೆಯಲ್ಲಿ ಬೇರೆಯೇ ಬಗೆಯ ಮರುಭೂಮಿಯಿದೆ. ಅಲ್ಲಿ ಮರಳಿಲ್ಲ, ಇರುವುದು ಉಪ್ಪು. ಅದಕ್ಕೆ 'ರಣ್' ಎಂದು ಹೆಸರು. ಉಪ್ಪು ತುಂಬಿದ ಬರಡು ನೆಲಕ್ಕೆ ಸಂಸ್ಕೃತದಲ್ಲಿರುವ 'ಇರಿಣ' ಎಂಬ ಶಬ್ದದಿಂದ ಅದು ಬಂದದ್ದು. ನಮ್ಮ ಯುದ್ಧದ 'ರಣ'ಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಛ್ ಭಾರತದ ಅತಿ ದೊಡ್ಡ ಜಿಲ್ಲೆ. ವಿಸ್ತೀರ್ಣ 45,674 ಚದರ ಕಿಲೋಮೀಟರ್. ಇಡೀ ಕೇರಳ ರಾಜ್ಯಕ್ಕಿಂತ ದೊಡ್ಡದು. ನಮ್ಮ ದಕ್ಷಿಣ ಕನ್ನಡದಂಥ ಜಿಲ್ಲೆಗಳನ್ನು ಒಂಬತ್ತು-ಹತ್ತು ಇಟ್ಟರೆ ಎಷ್ಟಾಗುತ್ತದೋ ಅಷ್ಟು. ಇದರ ಉತ್ತರಕ್ಕೆ ದೊಡ್ಡ ರಣ್, ಪೂರ್ವಕ್ಕೆ ಚಿಕ್ಕ ರಣ್.

ರಣ್ ಆಗುವ ಬಗೆ ಸ್ವಾರಸ್ಯವಾದದ್ದು. ಮಳೆಗಾಲದಲ್ಲಿ ಲೂನಿ, ಬನಾಸ್ ಮುಂತಾದ ನದಿಗಳ ನೀರು ಬಂದು ಈ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯ ಒತ್ತಡಕ್ಕೆ ಸಮುದ್ರದ ನೀರೂ ಒಳಗೆ ನುಗ್ಗುತ್ತದೆ. ಹೊರಗೆ ಹರಿದು ಹೋಗಲು ಇಳಿಜಾರಿಲ್ಲ. ಅಕ್ಟೋಬರ್ ನಂತರ ಬಿಸಿಲಿಗೆ ನೀರು ಆರುತ್ತಾ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬಿಳಿಯ ಬಯಲು. ಆದುದರಿಂದ ದೀಪಾವಳಿ ರಜೆಯಲ್ಲೇ ಹೋದರೆ ಬಿಳಿ ಉಪ್ಪಿನ ಬದಲು ಕೆಸರು ಕಾಣುವ ಸಂಭವವೇ ಹೆಚ್ಚು. ಕ್ರಿಸ್ಮಸ್ ರಜೆಯಿಂದ ಫೆಬ್ರವರಿಯ ತನಕ ಸರಿಯಾದ ಕಾಲ. ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಇದೆಯೆಂದು ಹೊರಟರೆ ಬಿಸಿಲು ಹಿರಿಯರನ್ನೂ ಮಕ್ಕಳನ್ನೂ ಹಣ್ಣು ಮಾಡಿಬಿಡುತ್ತದೆ. ಆ ಯೋಚನೆ ಬೇಡ.

ಯಾವ ವಾಹನ, ಯಾವ ಕಾಗದಪತ್ರ?

ವಿದೇಶದ ಚಿತ್ರಗಳಲ್ಲಿ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಗಾಡಿ ನೋಡಿರುತ್ತೀರಿ. ನಮ್ಮಲ್ಲಿ ಬಾಡಿಗೆಗೆ ಸಿಗುವವು ಹೆಚ್ಚಾಗಿ ಟೆಂಪೋ ಟ್ರಾವೆಲರ್ ಮಾದರಿಯ ವ್ಯಾನುಗಳನ್ನು ಮನೆಯಂತೆ ಸಜ್ಜುಗೊಳಿಸಿದವು. ಚಾಲಕನ ಸಮೇತ ಕೊಡುವುದೇ ರೂಢಿ. ಅದು ಒಳ್ಳೆಯದೂ ಹೌದು. ಉದ್ದದ, ಎತ್ತರದ, ಗಾಳಿಗೆ ವಾಲುವ ವಾಹನ ಓಡಿಸುವುದು ಕಾರು ಓಡಿಸಿದಂತಲ್ಲ.

ಬಾಡಿಗೆಗೆ ಮಾತನಾಡುವಾಗ ಮೊದಲು ನಂಬರ್ ಪ್ಲೇಟ್ ನೋಡಿ. ಚಾಲಕನ ಸಮೇತ ಬಾಡಿಗೆಗೆ ಓಡುವ ವಾಹನಕ್ಕೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ ಇರಬೇಕು. ನೀವೇ ಓಡಿಸಲು ಕೊಡುವ ಬಾಡಿಗೆ ವಾಹನಕ್ಕೆ ಕಪ್ಪು ಫಲಕ, ಹಳದಿ ಅಕ್ಷರ. ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಕೊಟ್ಟರೆ ಅದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆ ಕಂಪನಿ ಕೈಯೆತ್ತಬಹುದು. ಗುಜರಾತಿಗೆ ಹೋಗುವ ಪರವಾನಗಿ ಇದೆಯೇ, ವಿಮೆಯ ಅವಧಿ ಉಳಿದಿದೆಯೇ ಎಂದೂ ಕೇಳಿ.

ಇನ್ನೊಂದು ಮುಖ್ಯ ವಿಷಯ. ಹಳೆಯ ವ್ಯಾನಿನ ಸೀಟು ಕಿತ್ತು, ಬಡಗಿಯಿಂದ ಮಂಚ ಹಾಕಿಸಿ 'ಕ್ಯಾಂಪರ್' ಎಂದು ಕರೆಯುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತಪಡಿಸಿತು. ನೋಂದಣಿ ಪುಸ್ತಕದಲ್ಲಿ ವಾಹನದ ವರ್ಗ ಏನೆಂದು ಬರೆದಿದೆ ಎಂಬುದನ್ನು ಸ್ವತಃ ಓದಿ. ನೀವೇ ಓಡಿಸುವುದಾದರೆ, ಸರಕಿನೊಂದಿಗೆ ಒಟ್ಟು ತೂಕ 7,500 ಕಿಲೋ ಮೀರದ ವಾಹನಕ್ಕೆ ಹಗುರ ವಾಹನದ ಲೈಸೆನ್ಸ್ ಸಾಕು.

ಬಾಡಿಗೆಯ ಲೆಕ್ಕ ಹೀಗೆ ಹಾಕಿ. ಮುಂಬಯಿಯಿಂದ ಭುಜ್‌ಗೆ ಸುಮಾರು 850 ಕಿಲೋಮೀಟರ್. ಹೋಗಿ ಬಂದು, ಅಲ್ಲಿ ಸುತ್ತಾಡಿದರೆ ಒಟ್ಟು 2,100 ಕಿಲೋಮೀಟರಿನಷ್ಟು. ಲೀಟರಿಗೆ 8ರಿಂದ 10 ಕಿಲೋಮೀಟರ್ ಎಂದು ಇಟ್ಟುಕೊಂಡರೆ 210ರಿಂದ 260 ಲೀಟರ್ ಡೀಸೆಲ್ ಬೇಕು. ಡೀಸೆಲ್ ಯಾರ ಲೆಕ್ಕ, ಟೋಲ್ ಯಾರದು, ಚಾಲಕನ ಭತ್ಯೆ ಎಷ್ಟು, ರಾತ್ರಿ ಚಾಲಕ ಎಲ್ಲಿ ಮಲಗುತ್ತಾನೆ, ದಿನಕ್ಕೆ ಇಂತಿಷ್ಟೇ ಕಿಲೋಮೀಟರ್ ಎಂಬ ಮಿತಿ ಇದೆಯೇ ಎಂಬ ಐದು ಪ್ರಶ್ನೆಗಳಿಗೆ ಉತ್ತರವನ್ನು ಬರೆಸಿಕೊಳ್ಳಿ. ಮೂರು ಕೋಣೆಯ ಹೋಟೆಲ್, ಕಾರು ಬಾಡಿಗೆ ಎರಡನ್ನೂ ಕೂಡಿಸಿ ಇದರ ಪಕ್ಕದಲ್ಲಿಟ್ಟು ನೋಡಿ. ಇಬ್ಬರೇ ಹೋಗುವುದಾದರೆ ಕ್ಯಾರವಾನ್ ದುಬಾರಿ ಎನಿಸೀತು. ಐದಾರು ಜನ ಇದ್ದು, ಹಿರಿಯರೂ ಜೊತೆಗಿದ್ದರೆ ಲೆಕ್ಕ ಬೇರೆಯಾಗುತ್ತದೆ.

ಮುಂಬಯಿಗರಿಗೇ ವಿಶೇಷವಾದ ಒಂದು ತೊಂದರೆಯೂ ಇದೆ. ಈ ವಾಹನಗಳ ಎತ್ತರ ಎರಡೂವರೆ ಮೀಟರ್ ದಾಟುತ್ತದೆ. ನಿಮ್ಮ ಸೊಸೈಟಿಯ ಪೋಡಿಯಂ ಪಾರ್ಕಿಂಗಿನೊಳಗೆ ಅದು ಹೋಗುವುದಿಲ್ಲ. ಡೊಂಬಿವಲಿ, ಭಾಂಡುಪಿನ ಗಲ್ಲಿಗಳಲ್ಲಿ ತಿರುಗುವುದೂ ಕಷ್ಟ. ಹಿಂದಿನ ರಾತ್ರಿ ಸಾಮಾನು ತುಂಬಲು ಕಟ್ಟಡದ ಹೊರಗೆ ಜಾಗ ಗೊತ್ತು ಮಾಡಿಕೊಳ್ಳಿ. ಇಲ್ಲವೇ ಹೆದ್ದಾರಿಯ ಹತ್ತಿರ ಬಂದು ನಿಲ್ಲಲು ಹೇಳಿ.

ದಾರಿ ಹೇಗೆ?

ಮೊದಲ ದಿನ ಬೆಳಗಿನ ನಾಲ್ಕು-ನಾಲ್ಕೂವರೆಗೇ ಹೊರಟು ದಹಿಸರ್, ವಸಾಯಿ, ವಿರಾರ್ ದಾಟಿಬಿಡುವುದು ಜಾಣತನ. ಮನೋರ್, ತಲಾಸರಿ, ವಾಪಿ, ವಲ್ಸಾಡ್, ನವಸಾರಿ, ಸೂರತ್, ಭರೂಚ್ ಮೂಲಕ ವಡೋದರಾ ಸುಮಾರು 410 ಕಿಲೋಮೀಟರ್. ಕಾರಿನಲ್ಲಾದರೆ ಅಹಮದಾಬಾದಿನವರೆಗೂ ಒಂದೇ ದಿನ ಹೋಗಬಹುದು. ಕ್ಯಾರವಾನಿನಲ್ಲಿ ಗಂಟೆಗೆ 60-70ಕ್ಕಿಂತ ವೇಗ ಬೇಡ. ಹಿರಿಯರಿಗಾಗಿ ಎರಡು ಗಂಟೆಗೊಮ್ಮೆ ನಿಲ್ಲಿಸಬೇಕು. ಹಾಗಾಗಿ ಮೊದಲ ರಾತ್ರಿಗೆ ವಡೋದರಾ ಸಾಕು.

ದಾರಿಯಲ್ಲಿ ನವಸಾರಿ ಬಂದಾಗ ಮಕ್ಕಳಿಗೆ ಒಂದು ಮಾತು ಹೇಳಿ. ಎಂಟನೆಯ ಶತಮಾನದಲ್ಲಿ ಈ ಲಾಟ ದೇಶವನ್ನು ಆಳುತ್ತಿದ್ದದ್ದು ನಮ್ಮ ಬಾದಾಮಿ ಚಾಲುಕ್ಯರ ಒಂದು ಶಾಖೆ. ಸಿಂಧ್ ಕಡೆಯಿಂದ ಬಂದ ಅರಬ್ ಸೇನೆಯನ್ನು ಅವನಿಜನಾಶ್ರಯ ಪುಲಕೇಶಿ ಎಂಬ ದೊರೆ ಹಿಮ್ಮೆಟ್ಟಿಸಿದ ಸಂಗತಿ ಕ್ರಿ.ಶ. 739ರ ನವಸಾರಿ ತಾಮ್ರಶಾಸನದಲ್ಲಿದೆ. ಇಷ್ಟು ದೂರ ಬಂದೆವಲ್ಲ ಎನ್ನುವವರಿಗೆ, ನಮ್ಮವರು ಇಲ್ಲಿಗೆ ಮೊದಲೇ ಬಂದಿದ್ದರು ಎಂದು ಧೈರ್ಯ ಹೇಳಬಹುದು!

ಎರಡನೆಯ ದಿನ ಅಹಮದಾಬಾದನ್ನು ಬದಿಗಿಟ್ಟು ವಿರಮ್‌ಗಾಮ್, ಧ್ರಾಂಗಧ್ರಾ, ಹಳವದ್, ಮಾಳಿಯಾ ದಾರಿ. ವಿರಮ್‌ಗಾಮಿನಲ್ಲಿ ಮುನ್‌ಸರ್ ಎಂಬ ಹಳೆಯ ಕೆರೆಯಿದೆ. ಸುತ್ತಲೂ ಕಲ್ಲಿನ ಮೆಟ್ಟಿಲು, ಚಿಕ್ಕ ಚಿಕ್ಕ ಗುಡಿಗಳು. ಸೋಲಂಕಿ ದೊರೆ ಸಿದ್ಧರಾಜ ಜಯಸಿಂಹನ ತಾಯಿ ಮೀನಳದೇವಿ ಇದನ್ನು ಕಟ್ಟಿಸಿದಳೆಂದು ಅಲ್ಲಿನ ಜನ ಹೇಳುತ್ತಾರೆ. ಈ ಮೀನಳದೇವಿ, ಅಂದರೆ ಮಯಣಲ್ಲದೇವಿ, ಗೋವೆಯ ಕದಂಬರ ಜಯಕೇಶಿಯ ಮಗಳು. ಕನ್ನಡ ನಾಡಿನ ಕಡೆಯಿಂದ ಗುಜರಾತಿಗೆ ಸೊಸೆಯಾಗಿ ಬಂದವಳು. ಅರ್ಧ ಗಂಟೆ ನಿಂತು ನೋಡಲು ಯೋಗ್ಯ ಸ್ಥಳ.

ಧ್ರಾಂಗಧ್ರಾ ಕಡೆ ಚಿಕ್ಕ ರಣ್ ಶುರು. ಇಲ್ಲಿ 4,954 ಚದರ ಕಿಲೋಮೀಟರಿನ ಕಾಡುಕತ್ತೆ ಅಭಯಾರಣ್ಯವಿದೆ. ಭಾರತದ ಕಾಡುಕತ್ತೆ ಉಳಿದುಕೊಂಡದ್ದು ಈ ನೆಲದಲ್ಲಿ. ಒಳಗೆ ನಿಮ್ಮ ಕ್ಯಾರವಾನ್ ಒಯ್ಯಬೇಡಿ. ಅಲ್ಲಿನ ಜೀಪುಗಳಲ್ಲೇ ಹೋಗಿ ಬನ್ನಿ. ಅಗರಿಯಾ ಎಂಬ ಉಪ್ಪು ಕುದಿಸದೆ ಬಿಸಿಲಲ್ಲೇ ಬೆಳೆಯುವ ಜನ ಮಳೆಗಾಲ ಕಳೆದ ಮೇಲೆ ಇಲ್ಲಿ ಗುಡಿಸಲು ಹಾಕುತ್ತಾರೆ. ನೆಲದೊಳಗಿನ ಉಪ್ಪುನೀರನ್ನು ಮೇಲೆತ್ತಿ ಮಡಿಗಳಲ್ಲಿ ನಿಲ್ಲಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ದೇಶದ ಉಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚು ಗುಜರಾತಿನದು. ನಾವು ಮುಂಬಯಿಯಲ್ಲಿ ಚಿಟಿಕೆ ಲೆಕ್ಕದಲ್ಲಿ ಬಳಸುವ ಉಪ್ಪಿನ ಹಿಂದೆ ಎಷ್ಟು ಬಿಸಿಲಿದೆ ಎಂಬುದನ್ನು ಮಕ್ಕಳು ನೋಡಲಿ.

ಸೂರಜ್‌ಬಾರಿ ಸೇತುವೆ ದಾಟಿದರೆ ಕಛ್. ಸಾಮಖಿಯಾಳಿ, ಭಚಾವು, ಭುಜ್. ಎಡಬಲಕ್ಕೆ ಹೊಸ ಕಟ್ಟಡಗಳೇ ಹೆಚ್ಚಾಗಿ ಕಾಣುವುದಕ್ಕೆ ಕಾರಣ 2001ರ ಜನವರಿ 26ರ ಭೂಕಂಪ. ಅಂದು ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ ನೆಲ ನಡುಗಿ ಭಚಾವು ಪಟ್ಟಣ ಬಹುಮಟ್ಟಿಗೆ ನೆಲಸಮವಾಯಿತು. ಮಡಿದವರ ನೆನಪಿಗೆ ಭುಜ್‌ನ ಭುಜಿಯೋ ಗುಡ್ಡದ ಮೇಲೆ 'ಸ್ಮೃತಿವನ' 2022ರಲ್ಲಿ ತೆರೆಯಿತು. ಅದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ಕತ್ತಲಾದ ಮೇಲೆ ಕಛ್‌ನಲ್ಲಿ ಓಡಿಸುವುದು ಬೇಡ. ನೀಲಗಾಯ್, ಎಮ್ಮೆ, ಒಂಟೆ ರಸ್ತೆಗೆ ಅಡ್ಡ ಬರುತ್ತವೆ. ಒಂಟೆಯ ಕಾಲು ಉದ್ದ, ಮೈ ಮೇಲಿರುತ್ತದೆ. ಡಿಕ್ಕಿಯಾದರೆ ಅದರ ಭಾರವೆಲ್ಲ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಸಂಜೆ ಆರಕ್ಕೆ ವಾಹನ ನಿಂತಿರಬೇಕು ಎಂಬ ನಿಯಮ ಹಾಕಿಕೊಳ್ಳಿ. ಓಡುತ್ತಿರುವಾಗ ಯಾರೂ ಒಳಗಿನ ಹಾಸಿಗೆಯಲ್ಲಿ ಮಲಗಬಾರದು ಎಂಬುದು ಇನ್ನೊಂದು ನಿಯಮ. ಚಾಲಕ ಒಮ್ಮೆ ಬ್ರೇಕ್ ಒತ್ತಿದರೆ ಮಲಗಿದವರು ಮುಂದಕ್ಕೆ ಎಸೆಯಲ್ಪಡುತ್ತಾರೆ. ಬೆಲ್ಟ್ ಇರುವ ಸೀಟು ಎಷ್ಟಿವೆಯೋ ಅಷ್ಟೇ ಜನರ ಪ್ರವಾಸ ಇದು.

ನೀರಿನ ಲೆಕ್ಕ

ಕ್ಯಾರವಾನಿನಲ್ಲಿ ಎರಡು ತೊಟ್ಟಿಗಳಿರುತ್ತವೆ. ಒಂದು ಶುದ್ಧ ನೀರಿಗೆ, ಇನ್ನೊಂದು ಪಾತ್ರೆ ತೊಳೆದ, ಕೈ ತೊಳೆದ ನೀರಿಗೆ. ಶುದ್ಧ ನೀರಿನ ತೊಟ್ಟಿ 100 ಲೀಟರಿನದು ಎಂದಿಟ್ಟುಕೊಳ್ಳೋಣ. ಆರು ಜನರ ಕುಟುಂಬಕ್ಕೆ ದಿನಕ್ಕೆ ಎಷ್ಟು ಬೇಕು? ಕುಡಿಯಲು ತಲೆಗೆ 4 ಲೀಟರಿನಂತೆ 24. ಅಡುಗೆಗೆ 10. ಪಾತ್ರೆಗೆ 15. ಕೈಕಾಲು, ಮುಖ, ಶೌಚಕ್ಕೆ 30. ಒಟ್ಟು 79 ಲೀಟರ್. ಅಂದರೆ ಸ್ನಾನ ಲೆಕ್ಕಕ್ಕೆ ಬಾರದೆಯೇ ತೊಟ್ಟಿ ಒಂದೂಕಾಲು ದಿನಕ್ಕೆ ಬರಿದು!

ಹಾಗೆಂದು ಡ್ರಮ್ಮುಗಟ್ಟಲೆ ನೀರು ಹೇರುವಂತಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ ಭಾರ. ನೂರು ಲೀಟರ್ ಹೆಚ್ಚಿಗೆ ಹೇರಿದರೆ ಒಂದೂವರೆ ಆಳನ್ನು ಹೆಚ್ಚಿಗೆ ಕೂರಿಸಿಕೊಂಡ ಹಾಗೆ. ಉಪಾಯ ಇಷ್ಟೇ: ಕುಡಿಯುವ ನೀರನ್ನು 20 ಲೀಟರಿನ ಕ್ಯಾನುಗಳಲ್ಲಿ ಬೇರೆಯೇ ಇಡಿ, ತೊಟ್ಟಿಯ ನೀರನ್ನು ಕುಡಿಯಬೇಡಿ. ಭುಜ್‌ನಲ್ಲಿ ಎರಡನ್ನೂ ತುಂಬಿಸಿಕೊಂಡೇ ಉತ್ತರಕ್ಕೆ ಹೊರಡಿ. ಸ್ನಾನಕ್ಕೆ ರಾತ್ರಿ ತಂಗುವ ರೆಸಾರ್ಟ್ ಅಥವಾ ಧರ್ಮಶಾಲೆಯಲ್ಲಿ ಏರ್ಪಾಟು ಮಾಡಿಕೊಳ್ಳಿ.

ನೀರು ಉಳಿಸುವ ಅಡುಗೆ ನಮ್ಮ ಮನೆಗಳಲ್ಲೇ ಇದೆ. ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ವಾರಗಟ್ಟಲೆ ಕೆಡುವುದಿಲ್ಲ, ಪಾತ್ರೆಯೂ ಬೇಡ. ಗೊಜ್ಜವಲಕ್ಕಿಗೆ ಒಲೆ ಬೇಡ. ಮೆಂತ್ಯದ ಹಿಟ್ಟು ಮೊಸರಲ್ಲಿ ಕಲಸಿದರೆ ಸಾರು ಬೇಡ. ಬಾಳೆಎಲೆ ಅಥವಾ ಮುತ್ತುಗದ ಎಲೆ ಒಯ್ದರೆ ತಟ್ಟೆ ತೊಳೆಯುವ ಕೆಲಸವೂ ಉಳಿಯಿತು. ಅಜ್ಜಿಯರಿಗೆ ಗೊತ್ತಿರುವ ಈ ವಿದ್ಯೆಯ ಬೆಲೆ ಮರುಭೂಮಿಯಲ್ಲಿ ತಿಳಿಯುತ್ತದೆ.

ಕೊಳೆ ನೀರಿನ ವಿಷಯ ಹೇಳಲೇಬೇಕು. ಶೌಚದ ಪೆಟ್ಟಿಗೆ ಸುಮಾರು 20 ಲೀಟರಿನದಿರುತ್ತದೆ. ಆರು ಜನ ಬಳಸಿದರೆ ಒಂದೆರಡು ದಿನಕ್ಕೆ ತುಂಬುತ್ತದೆ. ಅದನ್ನು ಹೋಟೆಲ್ ಅಥವಾ ಪೆಟ್ರೋಲ್ ಪಂಪಿನ ಶೌಚಾಲಯದಲ್ಲಿ, ಅನುಮತಿ ಕೇಳಿ ಖಾಲಿ ಮಾಡಬೇಕು. ರಣ್‌ನ ಬದಿಯಲ್ಲಿ ಸುರಿದು ಬರುವುದು ತಪ್ಪು. ಅಲ್ಲಿ ಹರಿಯುವ ನೀರಿಲ್ಲ, ಕೊಚ್ಚಿಕೊಂಡು ಹೋಗುವುದಿಲ್ಲ. ಬನ್ನಿ ಹುಲ್ಲುಗಾವಲಿನ ಮಾಲ್ಧಾರಿಗಳ ಎಮ್ಮೆಗಳು ಮೇಯುವ ನೆಲ ಅದು. ಹಗಲಿನಲ್ಲಿ ಸಾಧ್ಯವಾದಲ್ಲೆಲ್ಲ ಹೊರಗಿನ ಶೌಚಾಲಯ ಬಳಸಿ, ಒಳಗಿನದನ್ನು ಹಿರಿಯರಿಗೆ ಮತ್ತು ರಾತ್ರಿಗೆಂದು ಉಳಿಸಿಕೊಳ್ಳಿ.

ವಿದ್ಯುತ್ತಿನ ಲೆಕ್ಕ

'ಎಸಿ ಇದೆಯಲ್ಲ' ಎಂದು ಎಲ್ಲರೂ ಕೇಳುತ್ತಾರೆ. ಇದೆ, ಆದರೆ ಯಾವುದರಿಂದ ನಡೆಯುತ್ತದೆ? ನಿಂತಾಗ ಮನೆಯ ದೀಪ-ಫ್ಯಾನಿಗೆಂದು ಬೇರೆ ಬ್ಯಾಟರಿ ಇರುತ್ತದೆ. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯೆಂದರೆ 1,800 ವ್ಯಾಟ್-ಅವರ್. ಮಾಮೂಲಿ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಬೇಕು, ಇಲ್ಲವಾದರೆ ಬೇಗ ಹಾಳಾಗುತ್ತದೆ. ಅಂದರೆ ಕೈಗೆ ಸಿಗುವುದು 900. ಎರಡು ಫ್ಯಾನ್ ಎಂಟು ಗಂಟೆಗೆ 400, ದೀಪಗಳಿಗೆ 100, ಪುಟ್ಟ ಫ್ರಿಜ್ಜಿಗೆ 300, ಮೊಬೈಲುಗಳಿಗೆ 50. ಅಲ್ಲಿಗೆ 850 ಆಯಿತು, ರಾತ್ರಿ ಕಳೆಯಿತು. ಎಸಿ ಗಂಟೆಗೆ 1,000ಕ್ಕೂ ಹೆಚ್ಚು ಕೇಳುತ್ತದೆ. ಒಂದು ಗಂಟೆಯೂ ನಡೆಯದು. ಹಾಗಾಗಿ ಎಸಿ ಬೇಕೆಂದರೆ ಹೊರಗಿನ ವಿದ್ಯುತ್ ಸಂಪರ್ಕವಿರುವ ಜಾಗದಲ್ಲೇ ತಂಗಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಫ್ರಿಜ್ಜನ್ನೇ ನಂಬಿ ಕೂರಬೇಡಿ. ಐಸ್ ಪ್ಯಾಕ್ ಇರುವ ಚಿಕ್ಕ ಪೆಟ್ಟಿಗೆಯೂ ಜೊತೆಗಿರಲಿ. ಇನ್ಸುಲಿನ್ ಮಾತ್ರ ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಬಾರದು.

ಅದೃಷ್ಟಕ್ಕೆ ಡಿಸೆಂಬರ್-ಜನವರಿಯಲ್ಲಿ ರಾತ್ರಿ ಎಸಿಯೇ ಬೇಡ, ಚಳಿ. ಮುಂಬಯಿಯಲ್ಲಿ ಸ್ವೆಟರ್ ಪೆಟ್ಟಿಗೆಯಿಂದ ಹೊರಗೆ ಬಾರದ ನಮಗೆ ಕಛ್‌ನ ಹತ್ತು ಡಿಗ್ರಿ ಆಸುಪಾಸಿನ ರಾತ್ರಿ ನಡುಕ ಹುಟ್ಟಿಸುತ್ತದೆ. ಅಲ್ಲಿಯೇ ನಿಜವಾದ ಅಪಾಯ ಇರುವುದು.

ದಯವಿಟ್ಟು ಇದನ್ನು ಎರಡು ಸಲ ಓದಿ

2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿಗೆ ನಿಲ್ಲಿಸಿದ್ದ ಒಂದು ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಪತ್ತೆಯಾದರು. ಕಳ್ಳತನವಿಲ್ಲ, ಹೊಡೆದಾಟವಿಲ್ಲ. ಅವರನ್ನು ಕೊಂದದ್ದು ಕಾರ್ಬನ್ ಮೊನಾಕ್ಸೈಡ್ ಅನಿಲ. ಅದು ಒಳಗೆ ಬಂದದ್ದು ವಾಹನದ ಜನರೇಟರಿನ ಹೊಗೆಯಿಂದ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್, ಗ್ಯಾಸ್, ಇದ್ದಿಲು ಏನೇ ಆಗಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಅದು ಹುಟ್ಟುತ್ತದೆ. ಉಸಿರಿನೊಂದಿಗೆ ಒಳಹೊಕ್ಕು, ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ತಾನು ಹಿಡಿದುಬಿಡುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆ ಸುತ್ತು. ಮಲಗಿದ್ದವರಿಗೆ ಅದೂ ತಿಳಿಯುವುದಿಲ್ಲ, ನಿದ್ದೆಯಿಂದಲೇ ಮೂರ್ಛೆಗೆ ಜಾರುತ್ತಾರೆ. ಕ್ಯಾರವಾನಿನ ಒಳಗಿನ ಜಾಗ ನಮ್ಮ ಮುಂಬಯಿಯ ಅಡುಗೆಮನೆಗಿಂತ ಚಿಕ್ಕದು. ಅಲ್ಲಿ ಅನಿಲ ತುಂಬಲು ಹೆಚ್ಚು ಹೊತ್ತು ಬೇಡ.

ಆದುದರಿಂದ ಮನೆಯವರಿಗೂ ಚಾಲಕನಿಗೂ ನಾಲ್ಕು ಮಾತು ಖಡಾಖಂಡಿತವಾಗಿ ಹೇಳಿ. ಒಳಗೆ ಜನ ಮಲಗಿರುವಾಗ ಎಂಜಿನ್ ಆಗಲಿ ಜನರೇಟರ್ ಆಗಲಿ ಓಡಬಾರದು. ಚಳಿಯೆಂದು ಇದ್ದಿಲ ಸಿಗಡಿಯನ್ನು, ಆರಿದಂತೆ ಕಂಡರೂ ಸರಿ, ಒಳಗೆ ತರಬಾರದು. ಗ್ಯಾಸ್ ಒಲೆ ಹಚ್ಚಿದಾಗ ಎದುರುಬದುರಿನ ಎರಡು ಕಿಟಕಿ ತೆರೆದಿರಬೇಕು, ಮಲಗುವ ಮುನ್ನ ಸಿಲಿಂಡರಿನ ಕವಾಟ ಮುಚ್ಚಬೇಕು. ಚಳಿಯಾದರೂ ಒಂದು ಗವಾಕ್ಷಿ ತೆರೆದೇ ಇರಬೇಕು. ಬೆಚ್ಚಗಿರಲು ಕಂಬಳಿ ಇದೆ. ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡಿ ಕೂಗುವ ಪುಟ್ಟ ಉಪಕರಣ ಬ್ಯಾಟರಿಯಲ್ಲಿ ನಡೆಯುತ್ತದೆ. ಬಾಡಿಗೆಯವರಲ್ಲಿ ಇಲ್ಲದಿದ್ದರೆ ನೀವೇ ಒಂದು ಕೊಂಡುಕೊಳ್ಳಿ. ಇಬ್ಬರಿಗೆ ಒಟ್ಟಿಗೆ ತಲೆನೋವು ಬಂತೆಂದರೆ ಮಾತ್ರೆ ಹುಡುಕುತ್ತ ಕೂರದೆ ಎಲ್ಲರೂ ಹೊರಗೆ ಬನ್ನಿ.

ಬಿಳಿ ಬಯಲಿನ ಮೇಲೆ

ಭುಜ್‌ನಿಂದ ಧೋರ್ಡೊಗೆ ಸುಮಾರು 85 ಕಿಲೋಮೀಟರ್. ದಾರಿಯಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತದ ಫಲಕ ಸಿಗುತ್ತದೆ. ಶಾಲೆಯ ಭೂಪಟದ ಗೆರೆ ದಾಟಿದೆವೆಂದು ಮಕ್ಕಳು ಹಿಗ್ಗುತ್ತಾರೆ. ಭಿರಂಡಿಯಾರಾದಲ್ಲಿ ಎಮ್ಮೆ ಹಾಲಿನ ಮಾವಾ ತಿನ್ನದೆ ಮುಂದೆ ಹೋಗುವವರು ಕಡಿಮೆ. ಇದು ಗಡಿ ಪ್ರದೇಶ. ಬಿಳಿ ರಣ್‌ಗೆ ಹೋಗಲು ತಲೆಗೆ ಮತ್ತು ವಾಹನಕ್ಕೆ ಪರವಾನಗಿ ಬೇಕು. ಎಲ್ಲರ ಗುರುತಿನ ಚೀಟಿ, ಅದರ ನಕಲು ಕೈಗೆ ಸಿಗುವಂತಿರಲಿ. ಧೋರ್ಡೊದಲ್ಲಿ ಚಳಿಗಾಲದಲ್ಲಿ ರಣ್ ಉತ್ಸವ ನಡೆಯುತ್ತದೆ. 2023ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ವಿಭಾಗ ಈ ಹಳ್ಳಿಯನ್ನು ಜಗತ್ತಿನ ಉತ್ತಮ ಪ್ರವಾಸಿ ಗ್ರಾಮಗಳಲ್ಲಿ ಒಂದೆಂದು ಆರಿಸಿತು.

ಉಪ್ಪಿನ ಬಯಲು ನೋಡಲು ಸಿಮೆಂಟಿನಂತೆ ಗಟ್ಟಿ. ಆದರೆ ಮೇಲಿನ ಪದರದ ಕೆಳಗೆ ಕರಿಯ ಕೆಸರು. ಮನುಷ್ಯರ ಭಾರ ತಡೆದೀತು, ಮೂರು-ನಾಲ್ಕು ಟನ್ನಿನ ವಾಹನವನ್ನಲ್ಲ. ಒಮ್ಮೆ ಚಕ್ರ ಕುಸಿದರೆ ಎಕ್ಸಲರೇಟರ್ ಒತ್ತಿದಷ್ಟೂ ಇನ್ನೂ ಆಳಕ್ಕೆ ಹೋಗುತ್ತದೆ. ಆದುದರಿಂದ ಟಾರು ರಸ್ತೆಯಿಂದ ಕೆಳಗೆ ಇಳಿಸಲೇಬಾರದು, 'ಒಂದು ಫೋಟೋಗೆ' ಎಂದರೂ ಸರಿ. ನಡೆದು ಹೋಗಿ, ಹಿರಿಯರಿಗೆ ಅಲ್ಲಿನ ಒಂಟೆಗಾಡಿ ಇದೆ. ಹಗಲಿನಲ್ಲಿ ಬಿಳುಪಿನ ಝಳಕ್ಕೆ ಕಣ್ಣು ಉರಿಯುತ್ತದೆ. ತಂಪು ಕನ್ನಡಕ ಶೋಕಿಗಲ್ಲ, ಅವಶ್ಯಕ. ಹುಣ್ಣಿಮೆಗೆ ಹೊಂದಿಸಿಕೊಂಡು ಹೋದರೆ ಬೆಳದಿಂಗಳಲ್ಲಿ ಆ ಬಯಲನ್ನು ಕಾಣಬಹುದು.

ಅಲ್ಲಿಂದ ಖಾವಡಾ ಮೂಲಕ ಧೋಳಾವೀರಾಕ್ಕೆ ರಣ್ ಸೀಳಿಕೊಂಡು ಹೋಗುವ ರಸ್ತೆ ಈಗಿದೆ. ಎರಡೂ ಕಡೆ ನೀರು ಅಥವಾ ಉಪ್ಪು, ನಡುವೆ ನೇರ ರಸ್ತೆ. ಪೆಟ್ರೋಲ್ ಪಂಪು, ಗ್ಯಾರೇಜು ಹುಡುಕಬೇಡಿ. ಭುಜ್‌ನಲ್ಲೇ ಟ್ಯಾಂಕ್ ತುಂಬಿಸಿ, ಟೈರಿನ ಗಾಳಿ ಮತ್ತು ಸ್ಟೆಪ್ನಿ ಎರಡನ್ನೂ ನೋಡಿ. ಮೊಬೈಲ್ ಸಂಕೇತ ಇಲ್ಲದ ಪಟ್ಟಿಗಳೂ ಇವೆ. ಹೊರಡುವ ಹೊತ್ತು, ತಲುಪುವ ಹೊತ್ತನ್ನು ಮುಂಬಯಿಯ ಒಬ್ಬ ನೆಂಟರಿಗೆ ಹೇಳಿಡಿ.

ಧೋಳಾವೀರಾ ಸಿಂಧೂ ಕಣಿವೆ ನಾಗರಿಕತೆಯ ಊರು. ಸುಮಾರು ಐದು ಸಾವಿರ ವರ್ಷ ಹಳೆಯದು. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮನ್ಸರ್, ಮನ್ಹರ್ ಎಂಬ ಮಳೆಗಾಲದ ಎರಡು ತೊರೆಗಳ ನಡುವೆ ಊರು ಕಟ್ಟಿ, ಆ ನೀರನ್ನು ತಡೆದು, ಕಲ್ಲಿನ ದೊಡ್ಡ ದೊಡ್ಡ ಕೊಳಗಳಲ್ಲಿ ತುಂಬಿ ವರ್ಷವಿಡೀ ಬಾಳಿದ ಜನ ಅವರು. ನೂರು ಲೀಟರಿನ ತೊಟ್ಟಿಯನ್ನು ಎರಡು ದಿನದಿಂದ ಲೆಕ್ಕ ಹಾಕಿ ಬಳಸಿದ ನಿಮಗೆ, ಆ ಕೊಳಗಳ ಮೆಟ್ಟಿಲ ಮೇಲೆ ನಿಂತಾಗ ಅವರ ಬುದ್ಧಿವಂತಿಕೆ ಯಾವ ಗೈಡ್ ಹೇಳದಿದ್ದರೂ ಅರ್ಥವಾಗುತ್ತದೆ. ಬಿಸಿಲೇರುವ ಮೊದಲೇ ನೋಡಿ ಮುಗಿಸಿ, ನೆರಳು ಕಡಿಮೆ. ವಾಪಸಾಗುವಾಗ ರಾಪರ್, ಭಚಾವು ದಾರಿ ಹಿಡಿದರೆ ಹೆದ್ದಾರಿ ಸೇರುತ್ತೀರಿ.

ಹಿರಿಯರು ಬರಬಹುದೇ?

ಬರಬಹುದು. ಮೊದಲು ಅವರ ವೈದ್ಯರನ್ನು ಕೇಳಿ. ಎರಡು ವಾರದ ಮಾತ್ರೆಗಳನ್ನು ಎರಡು ಚೀಲದಲ್ಲಿ ಹಂಚಿಡಿ. ಒಂದು ಕಳೆದರೂ ಇನ್ನೊಂದು ಇರುತ್ತದೆ. ವಾಹನದ ಮೆಟ್ಟಿಲು ಎತ್ತರವಿರುತ್ತದೆ, ಒಂದು ಗಟ್ಟಿ ಮರದ ಮಣೆ ಒಯ್ಯಿರಿ. ಬಾಡಿಗೆಗೆ ಒಪ್ಪುವ ಮೊದಲೇ ಅಜ್ಜ-ಅಜ್ಜಿಯರನ್ನು ಕರೆದೊಯ್ದು ಹತ್ತಿಸಿ, ಒಳಗಿನ ಶೌಚಾಲಯದಲ್ಲಿ ಕುಳಿತು ಏಳಲು ಆಗುತ್ತದೆಯೇ ಎಂದು ನೋಡಿ. ಮುಜುಗರ ಪಡುವ ವಿಷಯವಲ್ಲ ಇದು; ಇಡೀ ಪ್ರವಾಸ ಅದರ ಮೇಲೆ ನಿಂತಿದೆ. ಮೊದಲ ಸಲವೇ ಎಂಟು ದಿನ ಎನ್ನದೆ, ಒಂದು ಶನಿವಾರ-ಭಾನುವಾರ ಹತ್ತಿರದ ಊರಿಗೆ ಹೋಗಿ ಬಂದು ಪರೀಕ್ಷಿಸುವುದು ಇನ್ನೂ ಒಳ್ಳೆಯದು. ನೀರು ಕಡಿಮೆ ಕುಡಿದರೆ ಶೌಚಕ್ಕೆ ಹೋಗುವುದು ತಪ್ಪುತ್ತದೆಂದು ಹಿರಿಯರು ಗುಟ್ಟಾಗಿ ನೀರು ಬಿಡುತ್ತಾರೆ. ಒಣ ಹವೆಯಲ್ಲಿ ಬೆವರು ಕಾಣುವುದಿಲ್ಲ, ದೇಹ ಮಾತ್ರ ಒಣಗುತ್ತಿರುತ್ತದೆ. ಗಂಟೆಗೊಮ್ಮೆ ನೀವೇ ಲೋಟ ಕೊಡಿ. ಕಛ್‌ನ ದೊಡ್ಡ ಆಸ್ಪತ್ರೆಗಳು ಭುಜ್‌ನಲ್ಲಿವೆ. ಧೋಳಾವೀರಾದಿಂದ ಅಲ್ಲಿಗೆ ಹಲವು ಗಂಟೆ. ಎದೆನೋವಿನಂಥ ತೊಂದರೆ ಈಚೆಗೆ ಕಂಡವರಿದ್ದರೆ ಭುಜ್, ಮಾಂಡವಿ ಸುತ್ತಮುತ್ತಲೇ ಇದ್ದು ಬನ್ನಿ.

ಹಿಂದಿರುಗಿದ ಮೇಲೆ, ಮತ್ತು ಒಂದಿಷ್ಟು ನೆನಪಿನ ಮಾತು

ಉಪ್ಪಿನ ಧೂಳು ವಾಹನದ ಅಡಿಯಲ್ಲಿ ಕುಳಿತರೆ ತುಕ್ಕು ಹಿಡಿಯುತ್ತದೆ. ಭುಜ್‌ನಲ್ಲೇ ಅಡಿಭಾಗ ತೊಳೆಸಿಕೊಂಡು ಹೊರಡಿ. ಗುಜರಾತಿನಲ್ಲಿ ಪಾನನಿಷೇಧ ಇದೆ. ಪರವಾನಗಿಯಿಲ್ಲದೆ ಬಾಟಲಿ ಒಯ್ದರೆ ವಾಹನವೇ ಠಾಣೆಯಲ್ಲಿ ನಿಲ್ಲಬಹುದು. ಕ್ಯಾರವಾನಿಗೆಂದೇ ಕಟ್ಟಿದ ತಂಗುದಾಣಗಳು ನಮ್ಮ ದೇಶದಲ್ಲಿ ಇನ್ನೂ ವಿರಳ. ಹಾಗಾಗಿ ಪ್ರತಿ ರಾತ್ರಿಯ ಜಾಗವನ್ನು ಮೊದಲೇ ಫೋನಿನಲ್ಲಿ ಮಾತನಾಡಿ, ವಿದ್ಯುತ್ ಸಂಪರ್ಕ ಕೊಡುತ್ತಾರೆಯೇ ಎಂದು ಕೇಳಿಕೊಳ್ಳಿ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033. ಈ ಮೂರು ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ವಾಹನದ ಬಾಗಿಲಿಗೆ ಅಂಟಿಸಿ.

ಒಂದು ಕೋಣೆ-ಅಡುಗೆಮನೆಯಲ್ಲಿ ಆರು ಜನ ಹೊಂದಿಕೊಂಡು ಬಾಳಿದ ಅನುಭವ ಮುಂಬಯಿಯ ಎಷ್ಟೋ ಕನ್ನಡ ಮನೆಗಳಿಗಿದೆ. ಇಕ್ಕಟ್ಟಿನ ಕ್ಯಾರವಾನ್ ನಮಗೆ ಹೊಸತೇನಲ್ಲ. ಹೊಸದು ಅದರ ಕಿಟಕಿಯಾಚೆಗಿನ ಬಯಲು. ನೀರು, ಗಾಳಿ, ಹೊತ್ತು ಈ ಮೂರರ ಲೆಕ್ಕ ಸರಿಯಾಗಿಟ್ಟುಕೊಂಡರೆ ಮನೆ ಕಾಯಲು ಯಾರೂ ಹಿಂದೆ ಉಳಿಯಬೇಕಾಗಿಲ್ಲ. ನಿಮ್ಮ ಪ್ರಯಾಣ ಸುಖಕರವಾಗಲಿ.